ಎರಡನೆಯ ಡಬ್ಬಿ

ಗೋಡೆಯ ಮೇಲೆ ಅಕ್ಷರ ಬರೆಯುವ ಕೆಲಸಕ್ಕೆ ಎರಡು ಡಬ್ಬಿ ಬೇಕು. ಒಂದು ಬ್ರಷ್ ತೊಳೆಯುವ ಟರ್ಪೆಂಟೈನಿಗೆ, ಇನ್ನೊಂದು ವಾಂತಿಗೆ. ಪೇಂಟರಿಗೆ ಇದನ್ನು ಹೇಳಿಕೊಟ್ಟವರು ಅವರ ಅಪ್ಪ. ಪೇಂಟರು ಅದನ್ನು ತಮ್ಮ ಮಗಳಿಗೆ ಹೇಳಿಕೊಟ್ಟರು. ಟರ್ಪೆಂಟೈನ್ ಬಲಗಡೆ, ವಾಂತಿಯದು ಎಡಗಡೆ, ಅದಲುಬದಲು ಆಗಕೂಡದು. ಯಾಕೆಂದರೆ ಮಧ್ಯಾಹ್ನದ ಹೊತ್ತಿಗೆ ಯಾವುದು ಯಾವುದೆಂದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ನೆನಪಿರಬೇಕು. ಬಡಗಿಯ ಮಗನಿಗೆ ಉಳಿ ಹಿಡಿಯುವುದನ್ನು ಕಲಿಸುವಾಗ ಯಾರೂ ನಾಚುವುದಿಲ್ಲ. ಪೇಂಟರೂ ನಾಚಲಿಲ್ಲ.

ಮಧ್ಯಾಹ್ನ ಏನೇನಾಗುತ್ತದೆ ಎನ್ನುವುದನ್ನೂ ಅಪ್ಪನೇ ಹೇಳಿದ್ದರು. ಹನ್ನೆರಡರ ಬಿಸಿಲು ಬಿಳಿ ಗೋಡೆಗೆ ಬಡಿದು ಕಣ್ಣಿಗೆ ವಾಪಸು ಬರುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎಡಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯಲು ಶುರುಮಾಡುತ್ತಾರೆ. ಆಮೇಲೆ ಹೊಟ್ಟೆ ತೊಳಸುತ್ತದೆ. ಬರೆಯುತ್ತಿರುವ ಅಕ್ಷರದ ಸುತ್ತ ಇನ್ನೊಂದು ಹೊಳೆಯುವ ಅಕ್ಷರ ಕಾಣಿಸುತ್ತದೆ, ಅದಕ್ಕೆ ಬಣ್ಣ ತುಂಬಬಾರದು. ಎರಡನೆಯ ಡಬ್ಬಿಗೆ ಬಗ್ಗಿ ಎದ್ದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲು ಕಚ್ಚಿಕೊಂಡು, ಸೂರ್ಯ ಇಳಿಯುವವರೆಗೆ ಕೆಲಸ ಮಾಡಬೇಕು. ಕಸುಬು ಅಂದರೆ ಅದು.

ಇಷ್ಟು ಕಷ್ಟವಿದ್ದರೆ ನೆರಳಿನ ಹೊತ್ತಿಗೆ ಬರೆಯಬಾರದೇ ಎಂದು ಯಾರಾದರೂ ಕೇಳಬಹುದು. ಕೇಳುವವರಿಗೆ ಕಸುಬು ಗೊತ್ತಿಲ್ಲ ಎಂದರ್ಥ. ಬಿಸಿಲು ಬಿದ್ದ ಗೋಡೆ ಮಾತ್ರ ಬಣ್ಣ ಹಿಡಿಯುತ್ತದೆ ಎಂದು ಅಪ್ಪ ಹೇಳಿದ್ದರು. ನೆರಳಲ್ಲಿ ಬರೆದದ್ದು ಕಳ್ಳ ಅಕ್ಷರ. ಆದ್ದರಿಂದ ಪೇಂಟರ ಮನೆಯಲ್ಲಿ ನೆರಳಿನ ಹೊತ್ತು ಅಳತೆಗೆ, ದಾರ ಹಿಡಿದು ಗೆರೆ ಎಳೆಯುವುದಕ್ಕೆ. ಗೋಡೆ ಕಾದ ಮೇಲೆಯೇ ಬಣ್ಣ. ಅಲ್ಲಲ್ಲಿ ಗುಳ್ಳೆ ಏಳುತ್ತಿತ್ತು, ನಿಜ. ಅದಕ್ಕೆ ಪೇಂಟರು ಬಣ್ಣ ತಯಾರಿಸುವವರನ್ನು ಬೈಯುತ್ತಿದ್ದರು. ಮೂವತ್ತೈದು ವರ್ಷ ಬೈದರೂ ಅವರು ತಿದ್ದಿಕೊಂಡಿರಲಿಲ್ಲ.

ಈ ಕಸುಬಿನಿಂದ ಪೇಂಟರಿಗೆ ಒಂದು ಲಾಭವಾಗಿತ್ತು. ಮನುಷ್ಯರ ಮೇಲೆ ಅವರಿಗೆ ಅಪಾರ ಗೌರವ ಬೆಳೆದಿತ್ತು. ಅಟ್ಟಣಿಗೆಯ ಮೇಲಿಂದ ನೋಡಿದರೆ ಇಡೀ ಬೀದಿ ಕಾಣುತ್ತದಲ್ಲ. ನಡು ಮಧ್ಯಾಹ್ನದಲ್ಲಿ ಜನ ಬಸ್ಸಿಗೆ ಕಾಯುತ್ತಾ ಹರಟೆ ಹೊಡೆಯುತ್ತಿದ್ದರು. ಗಾರೆ ಕೆಲಸದವರು ಹಾಡಿಕೊಂಡು ಇಟ್ಟಿಗೆ ಹೊರುತ್ತಿದ್ದರು. ಒಮ್ಮೆಯಂತೂ ಹೊಸದಾಗಿ ಮದುವೆಯಾದ ಜೋಡಿಯೊಂದು ಸುಡುಬಿಸಿಲಲ್ಲಿ ನಿಂತು ಮುಕ್ಕಾಲು ಗಂಟೆ ಫೋಟೋ ತೆಗೆಸಿಕೊಂಡಿತು. ತಲೆ ಸಿಡಿಯುತ್ತಿದ್ದರೂ ಹೇಗೆ ನಗುತ್ತಾರಪ್ಪ ಎಂದು ಪೇಂಟರು ಬ್ರಷ್ ನಿಲ್ಲಿಸಿ ನೋಡಿದ್ದರು. ಯಾರೂ ಗೊಣಗುವುದಿಲ್ಲ, ಯಾರೂ ವಾಂತಿಯ ಡಬ್ಬಿಯನ್ನು ಹೊರಗೆ ತೋರಿಸುವುದಿಲ್ಲ. ಅವರ ಮುಂದೆ ತಾನು ಯಾವ ಲೆಕ್ಕ ಎಂದುಕೊಂಡು ಪೇಂಟರು ಬಾಯಿ ಮುಚ್ಚಿಕೊಂಡು ದುಡಿದಿದ್ದರು.

ಮಗಳು ಹತ್ತೊಂಬತ್ತಕ್ಕೆ ಅಟ್ಟಣಿಗೆ ಹತ್ತಿದಳು. ಈಗ ಇಪ್ಪತ್ತಾರು. ಕೈ ಅಪ್ಪನದಕ್ಕಿಂತ ಒಳ್ಳೆಯದು. ಅದನ್ನು ಪೇಂಟರು ಅವಳೆದುರು ಹೇಳಿರಲಿಲ್ಲ, ಬಣ್ಣದ ಅಂಗಡಿಯಲ್ಲಿ ಎಲ್ಲರೆದುರೂ ಹೇಳಿದ್ದರು. ಎರಡು ವರ್ಷದಿಂದ ಅವರ ಕೈ ಸಣ್ಣಗೆ ನಡುಗುತ್ತಿತ್ತು. ಆಳೆತ್ತರದ ಅಕ್ಷರಕ್ಕೆ ನಡುಕ ತೊಂದರೆ ಕೊಡುವುದಿಲ್ಲ, ಗೇಣುದ್ದದ್ದಕ್ಕೆ ಕೊಡುತ್ತದೆ. ಚಿಕ್ಕ ಅಕ್ಷರವೆಲ್ಲ ಮಗಳದೇ. ಅವಳಿಲ್ಲದೆ ಹೋದರೆ ಕಸುಬೂ ಇಲ್ಲ ಎನ್ನುವುದು ಪೇಂಟರಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಗೋದಾಮಿನ ಗೋಡೆ ಬಂತು. ನೂರಿಪ್ಪತ್ತು ಅಡಿ ಉದ್ದ, ಪಶ್ಚಿಮಕ್ಕೆ ಮುಖ, ಹಾಲಿನಷ್ಟು ಬಿಳಿ. ಗೋದಾಮಿನ ಹೆಸರು ದೊಡ್ಡದಾಗಿ, ಅದರ ಕೆಳಗೆ ಏನೇನು ತರಬಾರದು, ಎಲ್ಲೆಲ್ಲಿ ಗಾಡಿ ನಿಲ್ಲಿಸಬಾರದು ಎಂಬ ಹನ್ನೊಂದು ಸಾಲು ಚಿಕ್ಕದಾಗಿ ಬರೆಯಬೇಕು. ಭಾನುವಾರ ಗೋದಾಮು ತೆರೆಯುತ್ತದೆ. ಬೆಳಗ್ಗೆಯೆಲ್ಲ ಗೋಡೆಗೆ ತಂಪಾದ ನೆರಳು. ಅಪ್ಪ ಮಗಳು ಆ ನೆರಳಲ್ಲಿ ದಾರ ಹಿಡಿದು ಕೂತು, ಹನ್ನೆರಡಾಗಲಿ ಎಂದು ಕಾದರು.

ಮೂರನೆಯ ದಿನ, ಬುಧವಾರ, ಎರಡು ಗಂಟೆಗೆ ಮಗಳು ಅಟ್ಟಣಿಗೆ ಇಳಿದಳು. ಅರ್ಧ ಬರೆದ ಸಾಲನ್ನು ಹಾಗೇ ಬಿಟ್ಟು ಇಳಿದಳು. ಮುಖ ಗೋಡೆಯಷ್ಟೇ ಬೆಳ್ಳಗಾಗಿತ್ತು.

"ನನ್ನ ಕೈಲಾಗಲ್ಲ ಅಪ್ಪ," ಎಂದಳು. "ಇವತ್ತು ಅಂತಲ್ಲ. ಇನ್ನು ಆಗಲ್ಲ. ಸೋಮವಾರದಿಂದ ಫ್ಲೆಕ್ಸ್ ಅಂಗಡಿಗೆ ಹೋಗ್ತೀನಿ. ಮಾತಾಡಿ ಆಗಿದೆ."

ಗೋಡೆ ಬರಹದವರ ಅನ್ನ ಕಿತ್ತುಕೊಂಡದ್ದೇ ಫ್ಲೆಕ್ಸ್ ಅಂಗಡಿ. ಆದರೆ ಪೇಂಟರಿಗೆ ಕೋಪ ಬಂದದ್ದು ಅದಕ್ಕಲ್ಲ.

"ಊರಲ್ಲಿ ಎಲ್ಲರೂ ತಡ್ಕೊಳ್ಳೋದನ್ನ ನಿನ್ನ ಕೈಲಿ ತಡ್ಕೊಳ್ಳೋಕಾಗಲ್ವಾ?" ಎಂದರು. "ಅಲ್ಲಿ ನೋಡು, ಆ ಹಣ್ಣಿನ ಗಾಡಿಯವಳು. ಬೆಳಗ್ಗಿಂದ ನಿಂತಿದಾಳೆ. ಅವಳಿಗೇನು ತಲೆ ಇಲ್ವಾ?"

ಮಗಳು ಹಣ್ಣಿನ ಗಾಡಿಯ ಕಡೆ ನೋಡಲು ಕೂಡ ಕಣ್ಣು ತೆರೆಯಲಾಗದೆ ನಿಂತಿದ್ದಳು. "ಅವರೆಲ್ಲ ಹೇಗೆ ತಡ್ಕೋತಾರೋ ಗೊತ್ತಿಲ್ಲಪ್ಪ. ನನ್ನಲ್ಲೇ ಏನೋ ಐಬಿರಬೇಕು," ಎಂದವಳೇ ಗೋಡೆ ಹಿಡಿದುಕೊಂಡು ನಡೆದುಬಿಟ್ಟಳು.

ಪೇಂಟರು ಆ ಸಂಜೆ ಮನೆಯಲ್ಲಿ ಒರೆಸಿದ ಬ್ರಷ್ಷನ್ನೇ ಮತ್ತೆ ಮತ್ತೆ ಒರೆಸುತ್ತಾ ಕೂತರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಳು. ಹೆಂಡತಿ ಒಮ್ಮೆ ಗಂಡನ ಮುಖ ನೋಡಿದರು, ಒಮ್ಮೆ ಮುಚ್ಚಿದ ಬಾಗಿಲು ನೋಡಿದರು, ಆಮೇಲೆ ಇಬ್ಬರಿಗೂ ಕೇಳಿಸುವ ಹಾಗೆ ಪಾತ್ರೆ ತೊಳೆದರು.

ಕೆಲಸ ನಿಂತ ಸುದ್ದಿ ಗೋದಾಮಿನ ಮ್ಯಾನೇಜರಿಗೆ ಮುಟ್ಟಿತು. ಗುರುವಾರ ಬೆಳಗ್ಗೆ ಅವರು ಇನ್ನಿಬ್ಬರು ಪೇಂಟರುಗಳನ್ನು ಕಳಿಸಿದರು. ಒಬ್ಬ ಉದ್ದ, ಒಬ್ಬ ಗಿಡ್ಡ. ಬಂದವರೇ ಡಬ್ಬ ಬಿಚ್ಚಿ ಬಣ್ಣ ಕಲಸತೊಡಗಿದರು.

"ತಡೀರಿ, ಇನ್ನೂ ನೆರಳಿದೆ," ಎಂದರು ಪೇಂಟರು.

"ಅದಕ್ಕೇ ಬೇಗ ಬೇಗ ಹೊಡೀತಿರೋದು ಯಜಮಾನ್ರೇ," ಎಂದ ಉದ್ದನೆಯವನು. "ಕಾದ ಗೋಡೆಗೆ ಬಣ್ಣ ಹಚ್ಚಿದ್ರೆ ಗುಳ್ಳೆ ಏಳಲ್ವಾ?"

ಪೇಂಟರು ದಾರ ಎತ್ತಿಕೊಂಡರು. ಕಸುಬಿನಲ್ಲಿ ನಾನಾ ಪಂಥಗಳಿರುತ್ತವೆ. ಪಾಪ, ಇವರಿಗೆ ಕಲಿಸಿದವರು ಸರಿಯಿಲ್ಲ ಎಂದುಕೊಂಡರು. ಹನ್ನೆರಡರ ತನಕ ಆ ಇಬ್ಬರೂ ನಾಲ್ಕು ಅಕ್ಷರಕ್ಕೆ ಬಣ್ಣ ತುಂಬಿದರು. ಪೇಂಟರು ದಾರ ಹಿಡಿದು ಕೂತಿದ್ದರು.

ಬಿಸಿಲು ಛಾವಣಿಯ ಅಂಚು ದಾಟಿ ಗೋಡೆಗೆ ಇಳಿಯಿತು. ಪೇಂಟರು ಬ್ರಷ್ ಎತ್ತಿಕೊಂಡರೆ ಆ ಇಬ್ಬರು ಬ್ರಷ್ ಇಟ್ಟು, ಅಟ್ಟಣಿಗೆಯ ಹಲಗೆಯ ಮೇಲೆಯೇ ಕಾಲು ಇಳಿಬಿಟ್ಟು ಊಟದ ಡಬ್ಬಿ ಬಿಚ್ಚಿದರು. ತಲೆಯ ಮೇಲೆ ಬಟ್ಟೆಯಿಲ್ಲ, ಏನಿಲ್ಲ. ಅವರ ಧೈರ್ಯಕ್ಕೆ ಪೇಂಟರು ಮನಸ್ಸಿನಲ್ಲೇ ಕೈಮುಗಿದರು. ಆಮೇಲೆ ಅವರ ಸಾಮಾನಿನ ಕಡೆ ಕಣ್ಣು ಹಾಯಿಸಿದರು. ಬ್ರಷ್ ತೊಳೆಯುವ ಡಬ್ಬಿ ಇತ್ತು, ಇನ್ನೊಂದು ಇರಲಿಲ್ಲ. ಮರೆತು ಬಂದಿರಬೇಕು. ಎಷ್ಟೆಂದರೂ ಒಂದೇ ಗೋಡೆಗೆ ನಿಂತವರು. ಪೇಂಟರು ತಮ್ಮದನ್ನು ಎತ್ತಿ ಅವರ ಕಡೆ ಸರಿಸಿದರು.

"ತಗೊಳ್ಳಿ. ಸಂಕೋಚ ಬೇಡ. ನಾನು ಇನ್ನೂ ಅರ್ಧ ಗಂಟೆ ತಡೀತೀನಿ."

ಗಿಡ್ಡನೆಯವನು ಮುಚ್ಚಳ ತೆಗೆದು ಒಳಗೆ ನೋಡಿದ. "ಖಾಲಿ ಇದೆಯಲ್ಲಣ್ಣ. ಏನಕ್ಕೆ ಇದು?"

"ವಾಂತಿಗೆ."

"ಯಾರ ವಾಂತಿಗೆ?"

"ನಿಮ್ಮದೇ, ಇನ್ಯಾರದ್ದು? ಬಿಸಿಲು ಬಂತಲ್ಲ."

ಇಬ್ಬರೂ ತುತ್ತು ಕೈಯಲ್ಲಿ ಹಿಡಿದುಕೊಂಡು ಪೇಂಟರನ್ನು ನೋಡಿದರು. ಪೇಂಟರು ತಾಳ್ಮೆಯಿಂದ ವಿವರಿಸಿದರು. ಎಡಗಣ್ಣಿನ ಹಿಂದಿನ ಮೊಳೆ, ಹೊಟ್ಟೆ ತೊಳಸುವುದು, ಹೊಳೆಯುವ ಅಕ್ಷರ, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಗೊತ್ತಿರುವುದನ್ನೇ ಗೊತ್ತಿರುವವರಿಗೆ ಹೇಳಬೇಕಾಗಿ ಬಂದದ್ದಕ್ಕೆ ಸ್ವಲ್ಪ ಬೇಸರವೂ ಆಯಿತು.

"ನಮಗೆ ಹಂಗೆಲ್ಲ ಆಗಲ್ಲ ಯಜಮಾನ್ರೇ," ಎಂದ ಉದ್ದನೆಯವನು, ನಿಧಾನವಾಗಿ.

"ಮತ್ತೆ ಏನಾಗುತ್ತೆ?"

"ಸೆಕೆ ಆಗುತ್ತೆ."

ಗಿಡ್ಡನೆಯವನು ಊಟ ಮುಗಿಸಿ ಕೈ ತೊಳೆದು ಹಲಗೆಯ ಮೇಲೆ ಅಂಗಾತ ಮಲಗಿದ. ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಐದು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ. ಪೇಂಟರು ಆ ಗೊರಕೆಯನ್ನು ಬಹಳ ಹೊತ್ತು ಕೇಳಿದರು. ಧೈರ್ಯದಿಂದ ಏನೇನೋ ಮಾಡಬಹುದು, ಗೊರಕೆ ಹೊಡೆಯಲಾಗುವುದಿಲ್ಲ.

ಪೇಂಟರು ಅಟ್ಟಣಿಗೆ ಇಳಿದರು. ಮೊದಲು ಸಿಕ್ಕಿದ್ದು ಹಣ್ಣಿನ ಗಾಡಿಯವಳು.

"ಅಮ್ಮಾ, ಬಿಸಿಲಲ್ಲಿ ನಿಂತ್ರೆ ನಿಂಗೆ ತಲೆ ನೋಯಲ್ವಾ?"

"ಗಿರಾಕಿ ಚೌಕಾಸಿ ಮಾಡಿದ್ರೆ ನೋಯುತ್ತೆ," ಎಂದಳು ಅವಳು.

ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ನಿಂತಿದ್ದ. ಪೇಂಟರು ಹತ್ತಿರ ಹೋಗಿ, ಬಿಸಿಲಲ್ಲಿ ನಿಮಗೆ ಏನಾಗುತ್ತದೆ ಎಂದು ಕೇಳಿದರು.

"ಬೆವರುತ್ತೆ."

"ಆಮೇಲೆ?"

"ಆಮೇಲೆ ಇನ್ನೂ ಬೆವರುತ್ತೆ."

"ಅದಾದ ಮೇಲೆ?"

"ಡ್ಯೂಟಿ ಮುಗಿಯುತ್ತೆ. ಏನ್ ಸ್ವಾಮಿ ನಿಮ್ ಸಮಸ್ಯೆ? ರಸ್ತೆ ಮಧ್ಯ ನಿಲ್ಬೇಡಿ, ಆ ಕಡೆ ಹೋಗಿ."

ಪೇಂಟರು ಆ ಕಡೆ ಹೋದರು. ಬಸ್ಸಿಗೆ ಕಾಯುವವರು ಹರಟುತ್ತಿದ್ದರು. ಹೊಸ ಕಟ್ಟಡದ ಮೇಲಿಂದ ಯಾರೋ ಹಾಡುತ್ತಿದ್ದರು. ಇವರು ಯಾರೂ ಏನನ್ನೂ ತಡೆದುಕೊಳ್ಳುತ್ತಿರಲಿಲ್ಲ. ಇವರಿಗೆ ನೋಯುತ್ತಲೇ ಇರಲಿಲ್ಲ. ಮೂವತ್ತೈದು ವರ್ಷ ಈ ಜನರನ್ನೆಲ್ಲ ವೀರರೆಂದು ನಂಬಿದ್ದ ಪೇಂಟರಿಗೆ ಭಾರೀ ಮೋಸವಾದಂತೆ ಎನಿಸಿತು. ಮರುಗಳಿಗೆಯಲ್ಲೇ ಮಗಳ ಬೆಳ್ಳನೆಯ ಮುಖ ಕಣ್ಣ ಮುಂದೆ ಬಂತು. ಇಡೀ ಬೀದಿಯಲ್ಲಿ ನಿಜವಾಗಿ ತಡೆದುಕೊಂಡವಳು ಅವಳೊಬ್ಬಳೇ. ಅಂಥವಳಿಗೆ ತಾವು ಹಣ್ಣಿನ ಗಾಡಿಯವಳನ್ನು ತೋರಿಸಿದ್ದರು. ಪೇಂಟರಿಗೆ ಅಳು ಬಂತು. ರಸ್ತೆಯಲ್ಲವೇ, ಬಿಸಿಲಿಗೆ ಕಣ್ಣಲ್ಲಿ ನೀರು ಬಂದವರ ಹಾಗೆ ಒರೆಸಿಕೊಂಡು ನಡೆದರು.

ಮನೆಯ ಕೋಣೆ ಕತ್ತಲಾಗಿತ್ತು. ಕಿಟಕಿಗೆ ಹಳೆಯ ಕಂಬಳಿ ಸಿಕ್ಕಿಸಿತ್ತು. ಮಗಳು ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಪೇಂಟರು ಸದ್ದಾಗದಂತೆ ಮಂಚದ ಪಕ್ಕ ನೆಲದ ಮೇಲೆ ಕೂತರು.

"ಗೋಡೆ?" ಎಂದಳು ಮಗಳು, ಬಟ್ಟೆ ತೆಗೆಯದೆ.

"ಅದೆಲ್ಲಿ ಹೋಗುತ್ತೆ, ಇದೆ ಅಲ್ಲೇ." ಆಮೇಲೆ ಕೇಳಿದರು, "ನಿಂಗೆ ಯಾವ ಕಡೆ ನೋವು?"

"ಎಡಗಡೆ. ಕಣ್ಣಿನ ಹಿಂದೆ."

"ನಂಗೂ ಅಲ್ಲೇ. ಕತ್ತಿಗೂ ಇಳಿಯುತ್ತಾ?"

"ಹೂಂ. ಕತ್ತು, ಭುಜ. ಆಮೇಲೆ ಯಾರಾದ್ರೂ ಲೋಟ ಇಟ್ಟ ಸದ್ದಾದ್ರೂ ಸಾಕು, ಜೀವ ಬಾಯಿಗೆ ಬರುತ್ತೆ."

"ವಾಸನೆ?"

"ಅಯ್ಯೋ, ಸೋಪಿನ ವಾಸನೆ ಕೇಳ್ಲೇಬೇಡ."

"ಸೋಪು!" ಎಂದರು ಪೇಂಟರು, ಪರದೇಶದಲ್ಲಿ ತನ್ನೂರಿನವರು ಸಿಕ್ಕಷ್ಟು ಸಂತೋಷದಿಂದ. ಸೋಪಿನ ವಿಷಯವನ್ನು ಅವರು ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಇಬ್ಬರೂ ಕತ್ತಲಲ್ಲಿ ಮೆಲ್ಲಗೆ ಒಂದೊಂದಾಗಿ ಎಲ್ಲ ಹೊಂದಿಸಿ ನೋಡಿದರು. ಒಂದೂ ತಪ್ಪಲಿಲ್ಲ. ಏಳು ವರ್ಷ ಒಂದೇ ಹಲಗೆಯ ಮೇಲೆ ನಿಂತಿದ್ದರೂ ಈ ಮಾತು ಇವತ್ತೇ ಮೊದಲು.

"ಮಗಳೇ," ಎಂದರು ಪೇಂಟರು. "ಇದು ಎಲ್ಲರಿಗೂ ಆಗಲ್ವಂತೆ. ಇವತ್ತು ಕೇಳ್ಕೊಂಡು ಬಂದೆ. ಅವರಿಗೆ ಬರೀ ಸೆಕೆಯಂತೆ."

ಮಗಳು ಕಣ್ಣ ಮೇಲಿನ ಬಟ್ಟೆ ತೆಗೆದಳು.

"ಎಲ್ಲರಿಗೂ ಆಗುತ್ತೆ ಅಂತ ನಿಂಗೆ ಯಾರು ಹೇಳಿದ್ದು?"

"ನಮ್ಮಪ್ಪ."

"ಅಜ್ಜನಿಗೆ ಯಾರು ಹೇಳಿದ್ರು?"

ಪೇಂಟರಿಗೆ ಗೊತ್ತಿರಲಿಲ್ಲ. ಅಪ್ಪ ಯಾರನ್ನೂ ಕೇಳಿರಲಾರರು. ಕೇಳುವ ಸ್ವಭಾವದವರಾಗಿರಲಿಲ್ಲ. ಊರೆಲ್ಲ ತನ್ನ ಹಾಗೇ ನರಳುತ್ತಿದೆ ಎಂದುಕೊಂಡೇ ಅವರು ಹೋಗಿಬಿಟ್ಟಿದ್ದರು.

"ನಿನ್ನಲ್ಲಿ ಏನೂ ಐಬಿಲ್ಲ," ಎಂದರು ಪೇಂಟರು. "ನನ್ನದು ತಪ್ಪಾಯ್ತು. ನಿನ್ನೆ ಹಾಗನ್ನಬಾರದಿತ್ತು. ಏಳು ವರ್ಷ ನಿಂಗೆ ಹಿಂಸೆ ಕೊಟ್ಟೆ. ಸೋಮವಾರ ಆ ಅಂಗಡಿಗೆ ಹೋಗು, ನಾನೇ ಬಿಟ್ಟು ಬರ್ತೀನಿ."

ಮಗಳಿಗೆ ಕೋಪ ಬಂದಿತ್ತು. ಯಾರ ಮೇಲೆ ಎಂದು ತಿಳಿಯದೆ ಕಂಬಳಿಯ ತೂತಿನಿಂದ ಬರುತ್ತಿದ್ದ ಬಿಸಿಲಿನ ಎಳೆಯನ್ನು ದಿಟ್ಟಿಸಿ, ಅದೂ ಕಣ್ಣು ಚುಚ್ಚಿದ್ದರಿಂದ ಮುಖ ತಿರುಗಿಸಿದಳು.

"ಆ ಗೋಡೆಗೆ ನೆರಳು ಎಷ್ಟೊತ್ತಿನ ತನಕ ಇರುತ್ತೆ?" ಎಂದು ಕೇಳಿದಳು.

"ಹನ್ನೆರಡರ ತನಕ."

"ಆರಕ್ಕೆ ಶುರು ಮಾಡಿದ್ರೆ ಆರು ಗಂಟೆ ಹೊತ್ತು." ಸ್ವಲ್ಪ ಲೆಕ್ಕ ಹಾಕಿದಳು. "ಸೋಮವಾರದ ಮಾತು ಸೋಮವಾರ ನೋಡೋಣ. ನಾಳೆ ನನ್ನ ಐದಕ್ಕೆ ಎಬ್ಬಿಸು. ಅರ್ಧ ಬರೆದ ಸಾಲು ಹಾಗೇ ಇದೆ."

ಪೇಂಟರು ಹೂಂ ಎಂದರು. ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದದ್ದು ಈಗ ತಲೆಗೆ ಏರುತ್ತಿತ್ತು. ಕೂತಿರಲಾಗದೆ ಅಲ್ಲೇ ನೆಲದ ಮೇಲೆ ಒರಗಿ ಕಣ್ಣು ಮುಚ್ಚಿಕೊಂಡರು.

ಬಾಗಿಲು ಇಷ್ಟೇ ಇಷ್ಟು ತೆರೆಯಿತು. ಮಗಳಿಗೆ ನೀರು ತಂದ ಹೆಂಡತಿ, ಹಾಡಹಗಲಲ್ಲಿ ಕೆಲಸ ಬಿಟ್ಟು ಬಿದ್ದುಕೊಂಡಿದ್ದ ಗಂಡನನ್ನು ಕಂಡು ಅಲ್ಲೇ ನಿಂತರು.

"ಏನ್ರೀ? ನಿಮಗೇನಾಯ್ತು?"

"ತಲೆನೋವು," ಎಂದರು ಪೇಂಟರು.

"ಯಾವಾಗಿಂದ?"

"ಮದುವೆಗೆ ಮುಂಚಿನಿಂದ."

ಹೆಂಡತಿ ಲೋಟವನ್ನು ಸ್ವಲ್ಪವೂ ಸದ್ದಾಗದಂತೆ ನೆಲಕ್ಕಿಟ್ಟರು. "ನೀವು ವಾಂತಿ ಮಾಡ್ಕೊಳ್ಳೋದು ಟರ್ಪೆಂಟೈನ್ ವಾಸನೆಗೆ ಅಂದ್ಕೊಂಡಿದ್ದೆ," ಎಂದರು. "ಒಂದು ಮಾತು ಹೇಳಬಾರದಿತ್ತಾ?" ಆಮೇಲೆ ಉತ್ತರಕ್ಕೆ ಕಾಯದೆ, ಇನ್ನೊಂದು ಬಟ್ಟೆ ಒದ್ದೆ ಮಾಡಿಕೊಂಡು ಬರಲು ಹೋದರು.