ಕುರಿ ನೋಡ್ಕೊಂತ ಬರ್ತೇನಿ

ಮುತ್ತಪ್ಪನಿಗೆ ಮೇಲೆ ಹೋಗುವ ಆಸೆ ಹುಟ್ಟಿಸಿದ್ದು ವಿಮಾನವಲ್ಲ, ಹದ್ದು. ಬೇವೂರಿನ ಆಚೆ ಮಡ್ಡಿಯಲ್ಲಿ ಕುರಿ ಬಿಟ್ಟುಕೊಂಡು ನಿಂತಾಗ, ನೆತ್ತಿಯ ಮೇಲೆ ರೆಕ್ಕೆ ಅಲುಗಿಸದೆ ಸುತ್ತು ಹಾಕುವ ಹದ್ದನ್ನು ಕೋಲಿನಿಂದ ತೋರಿಸಿ ಅವನು ಹೆಂಡತಿ ಮಾಯವ್ವನಿಗೆ ಹೇಳುತ್ತಿದ್ದ: "ನಾ ಜಲ್ಮಪೂರ್ತಿ ಈ ಕುರಿಗೋಳ ಕುಂಡಿ ನೋಡ್ಕೊಂತ ನಡದೇನಿ. ಅದಕ್ಕ ನೋಡು, ಎಲ್ಲಾದರ ಬೆನ್ನೂ ಒಮ್ಮಿಗೇ ಕಾಣತಾವು."

"ಹದ್ದಾಗಿ ಹುಟ್ಟಿದ್ದಿ ಅಂದ್ರ ಮೊದಲ ನನ್ನ ಮರೀನ ಹೊತಗೊಂಡು ಹೋಗ್ತಿದ್ದಿ. ಸುಮ್ಮ ನಡಿ," ಎನ್ನುತ್ತಿದ್ದಳು ಮಾಯವ್ವ.

ಅವರ ಒಬ್ಬಳೇ ಮಗಳು ಅಂಜನಾ ಈ ಮಾತು ಕೇಳುತ್ತಲೇ ಬೆಳೆದವಳು. ಆದರೆ ಬಾಗಲಕೋಟೆಯ ಕಾಲೇಜು ಸೇರಿ, ಎನ್‌ಸಿಸಿಯಿಂದ ಪ್ಯಾರಾಚೂಟ್ ತರಬೇತಿಗೆ ಹೋಗಿ ಬಂದೆನೆಂದು ಅವಳು ಹೇಳಿದಾಗ ಮುತ್ತಪ್ಪ ಹದ್ದಿನ ಮಾತು ಎತ್ತಲಿಲ್ಲ. ಬಹಳ ದಿನ ಯಾವ ಮಾತನ್ನೂ ಎತ್ತಲಿಲ್ಲ. ಕುರಿ ಕಾಯುವವನ ಮಗಳು ಆಕಾಶದಿಂದ ಜಿಗಿಯುತ್ತಾಳಂತೆ ಎಂದು ಕಟ್ಟೆಯ ಮೇಲೆ ಕೂತವರು ನಕ್ಕದ್ದು ಅವನ ಕಿವಿಗೆ ಬಿದ್ದಿತ್ತು.

ಮುಂದೆ ಹುನಗುಂದದ ಕಡೆ ಬಯಲಿನಲ್ಲಿ ಒಂದು ಖಾಸಗಿ ರನ್‌ವೇ ಆಯಿತು. ಬಾದಾಮಿ, ಐಹೊಳೆ ನೋಡಲು ಬಂದ ಮಂದಿಯನ್ನು ಸಣ್ಣ ವಿಮಾನದಲ್ಲಿ ಮೇಲೆ ಒಯ್ದು ಪ್ಯಾರಾಚೂಟಿನಲ್ಲಿ ಇಳಿಸುವ ಕಂಪನಿಯೊಂದು ಅಲ್ಲಿ ಬಂತು. ಅಂಜನಾಗೆ ಅಲ್ಲಿ ಕೆಲಸ ಸಿಕ್ಕಿತು. ಹೊಸಬರನ್ನು ತನ್ನ ಎದೆಗೆ ಪಟ್ಟಿಯಿಂದ ಬಿಗಿದುಕೊಂಡು ಹಾರುವವನು ಪ್ರಭುಲಿಂಗ. ಅವರ ಬೆನ್ನಿಗೇ ಒಬ್ಬಳೇ ಹಾರಿ, ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ಅವರ ಮುಖ ಹಿಡಿಯುವವಳು ಅಂಜನಾ.

ಆ ವರ್ಷ ಜೋಳದ ಹೊಲಗಳ ನಡುವೆ ಬೀಳು ಬಿದ್ದ ನೆಲ ಹುಡುಕುತ್ತ ಮುತ್ತಪ್ಪನ ಹಿಂಡು ರನ್‌ವೇಯ ಹತ್ತಿರಕ್ಕೇ ಬಂದು ಮುಳ್ಳುಬೇಲಿಯ ದಡ್ಡಿ ಹಾಕಿತು. ಬೇಕೆಂದೇ ಬಂದನೋ, ಮೇವು ಎಳೆದು ತಂದಿತೋ, ಅವನು ಹೇಳಲಿಲ್ಲ. ಮಗಳು ಇಳಿದು, ಪ್ಯಾರಾಚೂಟ್ ಸುತ್ತಿಕೊಂಡು ದಡ್ಡಿಗೆ ಬಂದರೆ ಮಾಯವ್ವ ತಂಬಿಗೆಯಲ್ಲಿ ಮಜ್ಜಿಗೆ ಹಿಡಿದು ಎದುರು ಬರುತ್ತಿದ್ದಳು. ಒಂದು ದಿನ ಮುತ್ತಪ್ಪ ಮುಖ ಆಚೆ ತಿರುಗಿಸಿಕೊಂಡೇ ಕೇಳಿದ.

"ಮ್ಯಾಲಿಂದ ಕುರಿ ಕಾಣತಾವೇನ?"

"ಕಾಣತಾವಪಾ. ಎಳ್ಳ ಚೆಲ್ಲಿದಂಗ ಕಾಣತಾವು."

"ಎಳ್ಳ?" ಮುತ್ತಪ್ಪ ಬಹಳ ಹೊತ್ತು ತನ್ನ ಕರಿ ಕುರಿಗಳನ್ನು ನೋಡುತ್ತ ನಿಂತ. "ನನಗೂ ಒಮ್ಮೆ ತೋರ್ಸು."

ಮಗಳ ಮೇಲಿನ ಸಿಟ್ಟು ಇಳಿಯಿತೆಂದು ಅವನು ಹೇಳಿದ್ದು ಅಷ್ಟರಲ್ಲೇ. ಅಂಜನಾ ಅವತ್ತು ಕಂಪನಿಯವರನ್ನೆಲ್ಲ ಕಾಡಿ, ಅಪ್ಪನನ್ನು ಪ್ರಭುಲಿಂಗನ ಎದೆಗೆ ಕಟ್ಟಿ ಹಾರಿಸುವ ಏರ್ಪಾಡು ಮಾಡಿದಳು.

ಹಾರುವ ದಿನ ಬೆಳಿಗ್ಗೆ ಎಲ್ಲ ಸರಿಯಾಗೇ ಇತ್ತು, ಕಂಬಳಿಯೊಂದನ್ನು ಬಿಟ್ಟರೆ.

"ಕಾಕಾ, ಕಂಬಳಿ ತಗೀರಿ. ಪಟ್ಟಿ ಮೈಗೆ ಬಿಗೀಬೇಕ್ರಿ," ಎಂದ ಪ್ರಭುಲಿಂಗ.

"ಕಂಬಳಿ ಮ್ಯಾಲ ಬಿಗಿ."

"ಆಗಂಗಿಲ್ರಿ. ಗಾಳಿಗೆ ಅದು ಸರೀತಂದ್ರ ಪಟ್ಟಿ ಸಡ್ಲ ಆಗತೈತಿ."

ಮುತ್ತಪ್ಪ ಹೆಗಲ ಮೇಲಿನ ಕಂಬಳಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಅವನಿಗೆ ಮೀಸೆ ಮೂಡುವ ಮುಂಚೆ, ಕುಲದೇವರು ಬೀರಪ್ಪನ ಗದ್ದುಗೆಗೆ ಮುಟ್ಟಿಸಿ ಅವನಪ್ಪ ಹೆಗಲಿಗೆ ಹಾಕಿದ ಕರಿ ಕಂಬಳಿ ಅದು. ಮಳೆಯಲ್ಲಿ ಅದೇ ಕೊಪ್ಪೆ, ಚಳಿಯಲ್ಲಿ ಅದೇ ಹಾಸಿಗೆ. ಆಗತಾನೇ ಹುಟ್ಟಿದ ಮರಿಯನ್ನು ಹೊತ್ತು ತರುವುದೂ ಅದರಲ್ಲೇ.

"ಮದವಿ ದಿನಾನೂ ಇದನ್ನ ಇಳಿಸಿಲ್ಲ ನಾ," ಎಂದ.

"ಹೌದಪಾ, ಕಂಬಳಿ ಕೈಲೇ ತಾಳಿ ಕಟ್ಟಿಸಿಕೊಂಡೆ ಅಂತ ಅವ್ವ ಈಗೂ ಬೈತಾಳ," ಎಂದು ಅಂಜನಾ ನಗಿಸಲು ನೋಡಿದಳು. "ಅರ್ಧ ತಾಸಿನ ಮಾತು. ಇಲ್ಲೇ ಮಡಚಿ ಇಟ್ಟಿರ್ತೇನಿ, ಕೊಡು."

"ನೆಲಾನೂ ಬಿಟ್ಟು ಹೊಂಟೇನಿ. ಇದನ್ನೂ ಬಿಟ್ಟು ಹೋಗಂದ್ರ, ನನ್ನ ಜೋಡಿ ಯಾರ ಬರ್ತಾರ ಯವ್ವಾ?"

ಅಂಜನಾ ಇನ್ನೊಮ್ಮೆ ಹೇಳಬಹುದಿತ್ತು. ಮೊದಲ ಸಲ ಇಲ್ಲ ಅಂದದ್ದಕ್ಕೆ ಎರಡನೇ ಸಲ ಹೂಂ ಅನ್ನುವ ಮನುಷ್ಯ ಅವನು. ಕಾಲೇಜಿಗೂ ಹಾಗೇ ಒಪ್ಪಿಸಿದ್ದಳು. ಆದರೆ ಅಪ್ಪ ಸಣ್ಣ ಮಗುವಿನ ಹಾಗೆ ಕಂಬಳಿ ಅವುಚಿಕೊಂಡು ನಿಂತಿದ್ದು ನೋಡಿ ಅವಳಿಗೆ ನಗು ಬಂತು, ಅಕ್ಕರೆಯೂ ಬಂತು.

"ಹೋಗ್ಲಿ ಬಿಡ್ರಿ ಪ್ರಭು ಅಣ್ಣಾ. ಅಪ್ಪ ಹಾರೂದು ಬ್ಯಾಡ. ಪೈಲಟ್ ಸಾಹೇಬ್ರ ಬಾಜೂ ಕುಂದರ್ಲಿ. ಕುರಿ ನೋಡಿ ಅವರ ಜೋಡೀನ ಇಳೀಲಿ."

ಬಾಜೂ ಸೀಟಿಗೆ ಪ್ಯಾರಾಚೂಟ್ ಇರಲಿಲ್ಲ. ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಲ್ಲಿ ಕೂತವರು ವಿಮಾನದಲ್ಲೇ ಹೋಗಿ ವಿಮಾನದಲ್ಲೇ ಬರುವವರು. ಮುತ್ತಪ್ಪನಿಗೆಂದು ತಂದಿದ್ದ ಪಟ್ಟಿಯನ್ನು ಸರದಿ ಕಾಯುತ್ತಿದ್ದ ಹುಬ್ಬಳ್ಳಿಯ ಹುಡುಗನೊಬ್ಬನಿಗೆ ಬಿಗಿದರು.

ವಿಮಾನ ನೆಲ ಬಿಟ್ಟಾಗ ಮುತ್ತಪ್ಪ ಕಣ್ಣು ಮುಚ್ಚಿದ್ದ. ಎತ್ತರಕ್ಕೆ ಏರಿದಂತೆ ಒಂದು ಕಣ್ಣು ತೆಗೆದ, ಆಮೇಲೆ ಇನ್ನೊಂದು. ಹಿಂದೆ ವಿಮಾನದ ತಳದ ಮೇಲೆ ಕೂತಿದ್ದ ಅಂಜನಾ ಅವನ ಮುಖವನ್ನು ಓರೆಯಿಂದ ಕಂಡಳು. ಗಾಜಿಗೆ ಹಣೆ ಹಚ್ಚಿ ಅವನು ಕೆಳಗೆ ನೋಡುತ್ತಿದ್ದ. ದೂರದಲ್ಲಿ ಮಲಪ್ರಭೆ ಹೊಳೆಯುತ್ತಿತ್ತು. ಕರಿ ಎರೆ ಹೊಲ, ಹಸಿರು ಜೋಳ, ನಡುವೆ ಬಿಳಿಚಿದ ದಾರಿ. ಆಮೇಲೆ, ಬೀಳು ನೆಲದ ಒಂದು ಮೂಲೆಯಲ್ಲಿ, ಅವನ ಹಿಂಡು.

ಅವನು ತಿರುಗಿ ಮಗಳ ಕಿವಿಗೆ ಕೂಗಿದ: "ಖರೇನ ಎಳ್ಳ ಚೆಲ್ಲಿದಂಗ ಐತಿ ನೋಡು!" ಮತ್ತೆ ಗಾಜಿಗೆ ಹಣೆ ಹಚ್ಚಿ, ಮತ್ತೆ ತಿರುಗಿ: "ನಿಮ್ಮವ್ವ ಬೇವಿನ ನೆಳ್ಳಿಗೆ ಕುಂತಾಳ. ಕುರಿ ಜ್ವಾಳಕ್ಕ ಹೋದ್ರೂ ಏಳಂಗಿಲ್ಲ ಆಕಿ."

ಅಷ್ಟು ಎತ್ತರದಿಂದ ಅವ್ವ ಕಾಣುವುದು ಸಾಧ್ಯವಿರಲಿಲ್ಲ. ಅಂಜನಾ ಹೂಂ ಎಂದು ತಲೆಯಾಡಿಸಿದಳು.

ಹಾರಬೇಕಾದ ಎತ್ತರಕ್ಕೆ ಇನ್ನೂ ಅರ್ಧ ಏರುವುದಿತ್ತು. ಆಗ ಎಂಜಿನ್ನಿನ ಸದ್ದು ಒಡೆಯಿತು. ಯಾರೋ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂತೆ ಒಂದು ಪೆಟ್ಟು, ಎದುರಿನ ಗಾಜಿಗೆ ಕಪ್ಪು ಎಣ್ಣೆಯ ಸಿಡಿತ, ಒಂದು ನಡುಕ. ಆಮೇಲೆ ಮೂತಿಯ ಪಂಖ ನಿಂತುಬಿಟ್ಟಿತು. ಗಾಳಿಯ ಸದ್ದೊಂದೇ ಉಳಿಯಿತು.

"ಈಗ ಛಲೋ ಆತು ನೋಡು," ಎಂದ ಮುತ್ತಪ್ಪ. ಕೂಗುವ ಅಗತ್ಯವೇ ಇರಲಿಲ್ಲ. "ಕಿವಿಗೆ ಸುಖ ಆತು."

ಪೈಲಟ್ ವೀರೇಶನ ಕೈಗಳು ಒಂದಾದ ಮೇಲೊಂದು ಗುಂಡಿ ಒತ್ತಿದವು, ಎಳೆದವು. ಪಂಖ ಅಲುಗಲಿಲ್ಲ. ಅವನು ಹಿಂದೆ ತಿರುಗದೆ ಹೇಳಿದ: "ಎಲ್ಲಾರೂ ಹಾರ್ರಿ. ಈಗಿಂದೀಗ."

ಪ್ರಭುಲಿಂಗ ಬಾಗಿಲು ತೆಗೆದ. ಎದೆಗೆ ಬಿಗಿದಿದ್ದ ಹುಬ್ಬಳ್ಳಿಯ ಹುಡುಗ ಕಣ್ಣು ಮುಚ್ಚಿಕೊಂಡ. ಪ್ರಭುಲಿಂಗ ಒಮ್ಮೆ ಅಂಜನಾಳನ್ನು ನೋಡಿದ, ಒಮ್ಮೆ ಮುತ್ತಪ್ಪನನ್ನು ನೋಡಿದ, ಆಮೇಲೆ ಯಾರನ್ನೂ ನೋಡದೆ ಹುಡುಗನನ್ನು ಹೊತ್ತು ಹೊರಗೆ ಬಿದ್ದ.

"ಸರ, ನಾ ಇರ್ತೇನ್ರಿ," ಎಂದಳು ಅಂಜನಾ.

"ಇದ್ದು ಏನ ಮಾಡ್ತಿ? ಭಾರ ಕಮ್ಮಿ ಆದ್ರ ಮೆಲ್ಲಕ ಇಳಸಾಕ ಬರತೈತಿ. ನಿಮ್ಮಪ್ಪನ ಸಲುವಾಗೇ ಹೇಳಾಕತ್ತೇನಿ. ಹಾರು!"

ಅವಳು ಮೊಣಕಾಲ ಮೇಲೆ ಮುಂದೆ ಸರಿದು ಅಪ್ಪನ ತೋಳು ಹಿಡಿದಳು. ಏನು ಹೇಳಬೇಕು? ಎಂಜಿನ್ ಕೆಟ್ಟಿದೆ ಅನ್ನಬೇಕೆ? ನಾನು ಇಳಿಯುತ್ತೇನೆ, ನೀನು ಇಳಿಯುವಂತಿಲ್ಲ ಅನ್ನಬೇಕೆ? ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮುತ್ತಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ, ಬೀರಪ್ಪನ ಅರಿಸಿನ, ತೆಗೆದ. ಪರೀಕ್ಷೆಗೆ ಹೋಗುವಾಗಲೆಲ್ಲ ಅವಳ ಹಣೆಗೆ ಹಚ್ಚುತ್ತಿದ್ದ ಹಾಗೇ ಹಚ್ಚಲು ಕೈ ಎತ್ತಿದ, ಹಣೆ ಹೆಲ್ಮೆಟ್ಟಿನೊಳಗಿತ್ತು. ಹೆಲ್ಮೆಟ್ಟಿಗೇ ಒತ್ತಿದ.

"ನಡಿ ಯವ್ವಾ, ಹೊತ್ತ ಮಾಡಬ್ಯಾಡ. ನಾ ಕುರಿ ನೋಡ್ಕೊಂತ ಬರ್ತೇನಿ."

ಅವಳು ಹಾರಿದಳು.

ಪ್ಯಾರಾಚೂಟ್ ಬಿಚ್ಚಿ ಮೈ ಜಗ್ಗಿದಾಗ ಕಣ್ಣು ವಿಮಾನವನ್ನು ಹುಡುಕಿತು. ಅದು ಸದ್ದಿಲ್ಲದೆ, ಹದ್ದಿನ ಹಾಗೆ ತೇಲುತ್ತ ಒಮ್ಮೆ ಇವಳ ಕಡೆಗೆ ವಾಲಿ, ಮತ್ತೆ ನೆಟ್ಟಗಾಗಿ ರನ್‌ವೇಯ ದಿಕ್ಕಿಗೆ ಇಳಿಯಿತು. ರನ್‌ವೇ ಮುಟ್ಟಲಿಲ್ಲ. ಈಚೆಯ ಎರೆ ಹೊಲದಲ್ಲಿ ಗಾಲಿ ಊರಿ ಓಡಿತು. ಮಳೆ ಮುಗಿದ ಆ ದಿನಗಳಲ್ಲಿ ಎರೆ ನೆಲ ಕೈ ಇಳಿಯುವಷ್ಟು ಬಿರಿದಿರುತ್ತದೆ. ಮುಂದಿನ ಗಾಲಿ ಬಿರುಕಿಗೆ ಸಿಕ್ಕಿ, ಬಾಲ ಮೇಲೆದ್ದು, ವಿಮಾನ ಬಲಮಗ್ಗುಲಾಗಿ ಬದುವಿನ ಕಲ್ಲುಗಳ ಮೇಲೆ ಬಿತ್ತು. ಬಲಮಗ್ಗುಲಿಗೆ ಬಾಜೂ ಸೀಟು ಇತ್ತು.

ಅಂಜನಾ ಬೀಳು ನೆಲದಲ್ಲಿ ಇಳಿದು ಪಟ್ಟಿಗಳನ್ನು ಕಿತ್ತುಕೊಳ್ಳುತ್ತಿದ್ದಾಗ ಮಾಯವ್ವ ತಂಬಿಗೆ ಹಿಡಿದು ಬರುತ್ತಿದ್ದಳು. ವಿಮಾನ ಬಿದ್ದ ಹೊಲಕ್ಕೆ ದಡ್ಡಿಯ ಆಚೆಯ ದಿಬ್ಬ ಅಡ್ಡವಾಗಿತ್ತು. ಅವಳಿಗೆ ಪ್ಯಾರಾಚೂಟುಗಳಷ್ಟೇ ಕಂಡಿದ್ದವು.

"ಸಮಾಧಾನ ಆತೇನ ನಿಮ್ಮಪ್ಪಗ?" ಅವಳು ನಗುತ್ತಿದ್ದಳು. "ಎಲ್ಲದಾನ ಹದ್ದ?"

ಮಗಳು ದಿಬ್ಬದ ಕಡೆ ಓಡಿದಳು. ತಂಬಿಗೆ ಬಿದ್ದ ಸದ್ದು ಬೆನ್ನ ಹಿಂದೆ ಕೇಳಿತು.

ಮುತ್ತಪ್ಪನನ್ನು ಬೇವೂರಿನ ಹೊಲದಲ್ಲಿ ಮಣ್ಣು ಮಾಡಿದರು. ವೀರೇಶ ಬದುಕಿದ್ದ, ಎರಡೂ ಕಾಲು ಮುರಿದು ಬಾಗಲಕೋಟೆಯ ದವಾಖಾನೆಯಲ್ಲಿದ್ದ. ಮಣ್ಣಿಗೆ ಬಂದವರು ಅಂಜನಾ ಕೇಳುವಷ್ಟು ಹತ್ತಿರವೇ ನಿಂತು ಮಾತಾಡಿಕೊಂಡರು: "ಅಪ್ಪನ್ನ ಒಳಗ ಬಿಟ್ಟು ಹಾರಿದ್ಲಂತ." "ಛತ್ರಿ ಒಂದ ಇತ್ತಂತ, ಪಾಪ." "ಒಂದ ಇತ್ತಂದ್ರ ಯಾರಿಗ ಕೊಡಬೇಕು?" ಮಾಯವ್ವ ಯಾರಿಗೂ ಉತ್ತರ ಕೊಡಲಿಲ್ಲ, ಮಗಳಿಗೂ ಒಂದು ಮಾತು ಆಡಲಿಲ್ಲ. ಊಟದ ತಾಟು ಅವಳ ಮುಂದೆ ಇಟ್ಟು ಎದ್ದು ಹೋಗುತ್ತಿದ್ದಳು.

ಅಂಜನಾಗೂ ತನ್ನ ಪರವಾಗಿ ಹೇಳಿಕೊಳ್ಳಲು ಏನೂ ಇರಲಿಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಊರಿನ ಮಾತಲ್ಲ. ಅಪ್ಪನಿಗೆ ಗೊತ್ತಿತ್ತೇ? ಗೊತ್ತಿದ್ದು ಕಳಿಸಿದನೇ, ಇಲ್ಲ ಮಗಳು ದಿನಾ ಹಾರುವ ಹಾಗೆ ಇವತ್ತೂ ಹಾರುತ್ತಾಳೆಂದು ಅರಿಯದೆ ಭಂಡಾರ ಹಚ್ಚಿದನೇ? ಎಂಜಿನ್ ನಿಂತದ್ದನ್ನು ಸುಖ ಎಂದವನಲ್ಲವೆ.

ಅದನ್ನು ಕೇಳಲೆಂದೇ ಅವಳು ದವಾಖಾನೆಗೆ ಹೋದಳು. ವೀರೇಶ ಅವಳನ್ನು ನೋಡಿ ಗೋಡೆಯ ಕಡೆ ಮುಖ ಮಾಡಿದ. ಅವಳು ಸ್ಟೂಲಿನ ಮೇಲೆ ಕೂತೇ ಇದ್ದಳು. ಕೊನೆಗೆ ಅವನೇ ಶುರು ಮಾಡಿದ.

"ನೀ ಹಾರಿದ ಕೂಡ್ಲೆ ನಿಮ್ಮಪ್ಪ ಕೇಳಿದ್ರು. ಸಾಹೇಬ್ರ, ನಮ್ಮ ಹುಡುಗಿ ಛತ್ರಿ ಬಿಚ್ಚೇತೇನ್ರಿ, ಈ ಕಡಿಂದ ಕಾಣವಲ್ದು ಅಂತ. ಇಮಾನ ಸ್ವಲ್ಪ ವಾಲಿಸಿ ತೋರಿಸಿದೆ."

ವಿಮಾನ ತನ್ನ ಕಡೆ ವಾಲಿದ್ದು ಅಂಜನಾಗೆ ನೆನಪಾಯಿತು.

"ನೋಡಿದ್ರು. ಆತು, ಇನ್ನ ನಿಮ್ಮ ಕೈಲೆ ಆದಂಗ ಇಳಸ್ರಿ ಅಂದ್ರು. ಕೆಟ್ಟಿದ್ದು ನನಗೂ ತಿಳದೈತಿ, ನನ್ನ ಸಲುವಾಗಿ ಗಾಬರಿ ಆಗಬ್ಯಾಡ್ರಿ ಅಂದ್ರು." ವೀರೇಶ ತನ್ನ ಎದೆ ಮುಟ್ಟಿಕೊಂಡ. "ಆಮ್ಯಾಲ ಕಂಬಳಿ ಮಡಚಿ ನನ್ನ ಎದಿಗೂ ಸ್ಟೇರಿಂಗಿಗೂ ನಡುವ ತುರುಕಿದ್ರು. ಅದಿಲ್ಲದಿದ್ರ ಪಕ್ಕಡಿ ಎಲುಬು ಮುರದು ಹೋಗ್ತಿತ್ತು ಅಂತಾರ ಡಾಕ್ಟರು."

"ಕಂಬಳಿ ತಗದ್ನೇನ್ರಿ?"

"ತಗದ್ರು. ನಾ ಕೇಳಿರ್ಲಿಲ್ಲ."

ಅಂಜನಾ ಆಗ ಅತ್ತಳು. ಮಣ್ಣು ಮಾಡುವಾಗಲೂ ಹಾಗೆ ಅತ್ತಿರಲಿಲ್ಲ. ತನ್ನ ಜೀವಕ್ಕಾಗಿ ಕೇಳಿದಾಗ ಇಳಿಸದ ಕಂಬಳಿ, ಗುರುತಿಲ್ಲದವನ ಎದೆಗಾಗಿ, ಕೇಳದೆಯೇ ಇಳಿದಿತ್ತು. ತಾನು ಬೆಳಿಗ್ಗೆ ಇನ್ನೊಂದು ಸಲ ಕೇಳಿದ್ದರೆ? ಇನ್ನೊಂದೇ ಸಲ. ಮಂಚದ ಕೆಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಕಂಬಳಿ ಇತ್ತು, ನರ್ಸು ತೆಗೆದುಕೊಟ್ಟಳು.

ಬೇವೂರಿಗೆ ಅವಳು ಬಂದು ಮುಟ್ಟಿದಾಗ ಇಳಿಹೊತ್ತು. ಮಾಯವ್ವ ಊರ ಹೊಲಕ್ಕೆ ತಂದು ಹಾಕಿದ್ದ ದಡ್ಡಿಯ ಬಾಯಿಯಲ್ಲಿ ಕೂತು ಕುಂಟುವ ಮರಿಯೊಂದರ ಗೊರಸು ನೋಡುತ್ತಿದ್ದಳು. ಅಂಜನಾ ಕಂಬಳಿಯನ್ನು ಅವಳ ತೊಡೆಯ ಮೇಲಿಟ್ಟಳು. ಮಾಯವ್ವ ಅದರ ಮೇಲೆ ಕೈ ಆಡಿಸಿದಳು; ಒಣಗಿ ಬಿರುಸಾದ ಜಾಗಕ್ಕೆ ಬಂದಾಗ ಕೈ ನಿಂತಿತು.

"ಹೆಗಲ ಮ್ಯಾಲ ಇತ್ತೇನ?" ಮಣ್ಣು ಮಾಡಿದ ಮೇಲೆ ಮಗಳೊಡನೆ ಅವಳು ಆಡಿದ ಮೊದಲ ಮಾತು ಅದು.

"ಹೂಂ."

"ಅಂವಗ ಗೊತ್ತಾಗಿತ್ತೇನ, ಅಂಜು? ಬೀಳತೈತಿ ಅನ್ನೂದು?"

ಅಂಜನಾ ದಾರಿಯುದ್ದಕ್ಕೂ ಈ ಮಾತಿಗೇ ಉತ್ತರ ಕಟ್ಟಿಕೊಂಡು ಬಂದಿದ್ದಳು. ಗೊತ್ತಿತ್ತವ್ವ, ಗೊತ್ತಿದ್ದೇ ನನ್ನ ಕಳಿಸಿದ. ಹೀಗೆ ಹೇಳಿದರೆ ಅವಳ ಭಾರ ಇಳಿಯುತ್ತಿತ್ತು. ಆದರೆ ಅವ್ವನ ಮುಖ ನೋಡಿದಳು. ಆ ಮುಖ ಬೇರೆ ಉತ್ತರವನ್ನು ಬೇಡುತ್ತಿತ್ತು.

"ಇಲ್ಲವ್ವ. ಏನೂ ಗೊತ್ತಾಗ್ಲಿಲ್ಲ ಅಂವಗ. ಎಂಜಿನ್ ನಿಂತಿದ್ದಕ್ಕ ಕಿವಿಗೆ ಸುಖ ಆತು ಅಂದ. ಬೇವಿನ ನೆಳ್ಳಾಗ ನೀ ಕುಂತಿದ್ದು ಕಾಣತೈತಿ ಅಂದ. ಕುರಿ ಜ್ವಾಳಕ್ಕ ಹೋದ್ರೂ ಏಳಂಗಿಲ್ಲ ಆಕಿ, ಅಂದ."

ಮಾಯವ್ವ ಕಂಬಳಿಯನ್ನು ಎದೆಗೆ ಒತ್ತಿಕೊಂಡಳು. "ಖರೇನ ಕುಂತಿದ್ನೆವ್ವ ನಾ," ಎಂದಳು. "ನೆಳ್ಳಾಗ ಕುಂತಿದ್ನಿ." ಬಿಗಿಹಿಡಿದ ಹೆಗಲುಗಳು ಸಡಿಲಾದವು. ಬಹಳ ಹೊತ್ತು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಆ ಬೆರಳು ನಿಂತಿತು.

"ಅಂದ್ರ ನಿನಗ ಗೊತ್ತಿತ್ತು."

ಅಂಜನಾ ಕುಂಟುವ ಮರಿಯನ್ನು ತನ್ನ ಕಡೆ ಎಳೆದುಕೊಂಡಳು.

"ಅಂವಗ ಗೊತ್ತಿರ್ಲಿಲ್ಲ, ನಿನಗ ಗೊತ್ತಿತ್ತು. ಒಂದು ಮಾತೂ ಹೇಳದಂಗ ಹಾರಿ ಬಂದಿ."

ವೀರೇಶನ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಛತ್ರಿ ಬಿಚ್ಚೇತೇನ್ರಿ ಎಂದು ಕೇಳಿದ್ದು, ವಿಮಾನ ವಾಲಿದ್ದು. ಅದನ್ನು ಹೇಳಿದರೆ ಬೇವಿನ ನೆರಳಿನ ಸಮಾಧಾನವೂ ಹೋಗುತ್ತಿತ್ತು. ಬೀಳುತ್ತೇನೆಂದು ಗೊತ್ತಿದ್ದು ಕೂತ ಗಂಡನ ಮುಖ ಅವ್ವನ ಕಣ್ಣಿಗೆ ಕಟ್ಟಿಬಿಡುತ್ತಿತ್ತು. ಅಂಜನಾಗೆ ಅದು ಈಗಾಗಲೇ ಕಟ್ಟಿತ್ತು.

"ಹೂಂ ಅವ್ವಾ," ಎಂದಳು. "ಹೇಳ್ಲಿಲ್ಲ."

ಮಾಯವ್ವ ಎದ್ದಳು. ಕಂಬಳಿಯನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕೋಲು ತೆಗೆದುಕೊಂಡು, ಹಿಂಡನ್ನು ನೀರಿಗೆ ಎಬ್ಬಿಸಿದಳು. ಕುರಿಗಳು ಕಂಬಳಿಯ ವಾಸನೆಗೆ ಮೂತಿ ಎತ್ತಿ, ಸದ್ದಿಲ್ಲದೆ ಅವಳ ಬೆನ್ನು ಹಿಡಿದವು. ಕುಂಟುವ ಮರಿ ಹಿಂದೆ ಉಳಿಯಿತು. ಅಂಜನಾ ಅದನ್ನು ಎತ್ತಿಕೊಂಡು ದೂರದಿಂದ ನಡೆದಳು. ಮಾಯವ್ವ ತಿರುಗಿ ನೋಡಲಿಲ್ಲ. ಬಾ ಎಂದೂ ಅನ್ನಲಿಲ್ಲ, ಬರಬ್ಯಾಡ ಎಂದೂ ಅನ್ನಲಿಲ್ಲ.