ಪೋರ್ಚಿನಲ್ಲಿ ಆಯಿಲ್ ಕಲೆ

ಆಸ್ಪತ್ರೆಯ ಪೋರ್ಚಿನಲ್ಲಿ ಬಿದ್ದಿದ್ದ ಆಯಿಲ್ ಮೇಲೆ ಸ್ಟ್ರೆಚರ್‌ನ ಚಕ್ರ ಜಾರಿತು. ಮಲಗಿದ್ದ ರೋಗಿಗೆ ಏನೂ ಆಗಲಿಲ್ಲ. ತಳ್ಳುತ್ತಿದ್ದ ಆಯಾ ಬಿದ್ದು ಮೊಣಕಾಲು ತರಚಿಕೊಂಡಳು. ಅಲ್ಲಿ ವಾಹನಗಳ ಉಸ್ತುವಾರಿ ನೋಡುವವನಿಗೆ ಚಾಲಕರು ‘ಸೀಟಿ’ ಎಂದು ಹೆಸರಿಟ್ಟಿದ್ದರು. ಅವತ್ತು ಅವನು ಸೀಟಿ ಊದಲಿಲ್ಲ. ಅಲ್ಲಿದ್ದ ಚಾಲಕಿಯೊಬ್ಬಳ ಡೀಸೆಲ್ ಕಾರಿನ ಅಡಿಗೆ ಬಗ್ಗಿ ನೋಡಿ, ಎದ್ದು, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದ.

“ಸೋಮವಾರ ಒಂದು ಹನಿ ಬಿದ್ರೂ ಈ ಗಾಡಿ ಗೇಟ್ ಒಳಗೆ ಬರೋ ಹಾಗಿಲ್ಲ. ನಿಮ್ಮ ಜಾಗಕ್ಕೆ ಕಾಯ್ತಾ ಇರೋರು ಬೇಕಾದಷ್ಟು ಜನ ಇದಾರೆ.”

ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕರೆತಂದು, ಮುಗಿದ ಮೇಲೆ ಮನೆಗೆ ಬಿಡುವುದು ಆ ಚಾಲಕಿಯ ಕೆಲಸ. ಅದು ಹೋದರೆ ಮತ್ತೆ ಹಳೆಯ ಕಾರ್ಖಾನೆಗೆ ಹೋಗಿ, ದಿನವಿಡೀ ನಿಂತು ಡಬ್ಬಿಗಳಿಗೆ ಚೀಟಿ ಅಂಟಿಸಬೇಕು. ಗ್ಯಾರೇಜಿನವನು ಫೋನಿನಲ್ಲೇ ರೋಗ ಹೇಳಿದ: ಎಂಜಿನ್ನಿನ ಮೇಲ್ಭಾಗ ಮುಚ್ಚುವ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿರಬೇಕು, ಆದರೆ ಮುಂದಿನ ವಾರದವರೆಗೆ ತನಗೆ ಬಿಡುವಿಲ್ಲ. ಅವಳು ಪ್ಯಾಕಿಂಗ್, ಅಡಿಯಿಂದ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ವಾಷರ್, ಒಂದು ಕ್ಯಾನ್ ಹೊಸ ಆಯಿಲ್ ಕೊಂಡು ಮನೆಗೆ ಬಂದಳು.

ಮನೆಯಲ್ಲಿ ಬೇರೆಯದೇ ಯುದ್ಧ ನಡೆದಿತ್ತು. ಕಾರು ಮೊದಲು ಅಪ್ಪನದು. ಅವರು ನಿವೃತ್ತ ಬಸ್ ಚಾಲಕರು. ಆಯುಷ್ಯವೆಲ್ಲ ಡೀಸೆಲ್ ವಾಸನೆಯಲ್ಲೇ ಕಳೆದವರು. ಕಣ್ಣು ಮಂಜಾದದ್ದನ್ನು ಒಪ್ಪಿಕೊಳ್ಳದೆ ಒಂದು ಸಂಜೆ ಕಾರನ್ನು ಮನೆಯ ಗೇಟಿಗೇ ಗುದ್ದಿದರು. ಅವಳು ಅಂದೇ ಕೀ ಕಿತ್ತುಕೊಂಡಳು. ಆಮೇಲಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಹೇಳಬೇಕಾದದ್ದೆಲ್ಲ ಅಮ್ಮನ ಮೂಲಕ. ಸೊಟ್ಟಗಾದ ಗೇಟು ಪೂರ್ತಿ ತೆರೆಯುತ್ತಿರಲಿಲ್ಲ. ಹಾಗಾಗಿ ಕಾರು ಹೊರಗೆ, ಬೀದಿಯ ಇಳಿಜಾರಿನಲ್ಲೇ ನಿಲ್ಲುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಎಂದಿನಂತೆ ಮನೆ ಮುಂದೆಯೇ ಆಯಿಲ್ ಕಡ್ಡಿ ಎಳೆದು ನೋಡಿದಳು. ಮಟ್ಟ ಮೇಲಿನ, ಕೆಳಗಿನ ಗುರುತುಗಳ ನಡುವೆ ಇತ್ತು. ಕಾರನ್ನು ಇಳಿಜಾರಿನ ಕೊನೆಯ ಸಮತಟ್ಟು ಜಾಗಕ್ಕೆ, ಬಾಗಿಲು ಹಾಕಿದ್ದ ಪೇಪರ್ ಗೋದಾಮಿನ ಮುಂದಕ್ಕೆ ತಂದಳು. ಮುಂದಿನ ಚಕ್ರಗಳನ್ನು ಓರೆಯಾಗಿ ಕೊಯ್ದ ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಹಿಂದಿನವಕ್ಕೆ ಕಲ್ಲು ಕೊಟ್ಟಳು. ಅಪ್ಪ ಕರೆಯದೆಯೇ ಬಂದು ಗೋದಾಮಿನ ಮೆಟ್ಟಿಲ ಮೇಲೆ ಕೂತರು, ಮುಖ ಮಾತ್ರ ಬೇರೆ ಕಡೆಗೆ. ಅಮ್ಮ ಚಹಾ ತಂದಳು.

ಅವಳು ಕವರ್ ಬಿಚ್ಚಿ, ಕಲ್ಲಿನಂತೆ ಗಟ್ಟಿಯಾಗಿದ್ದ ಹಳೆ ಪ್ಯಾಕಿಂಗನ್ನು ಕೆರೆದು ತೆಗೆದು, ಅಂಚು ಒರೆಸಿ, ಹೊಸದನ್ನು ಕೂರಿಸಿದಳು. ಬೋಲ್ಟ್ ಬಿಗಿಯತೊಡಗಿದ್ದೇ ತಡ ಮೆಟ್ಟಿಲಿನಿಂದ ಮಾತು ಬಂತು.

“ನಿನ್ನ ಮಗಳಿಗೆ ಹೇಳು, ನಡುವಿನಿಂದ ಶುರು ಮಾಡಿ ಅಡ್ಡಡ್ಡ ಬಿಗೀಬೇಕು ಅಂತ.”

“ಗೇಟಿಗೆ ಗುದ್ದಿದವರು ಬೋಲ್ಟಿನ ಪಾಠ ಹೇಳೋದು ಬೇಡ ಅಂತ ಹೇಳಮ್ಮ.”

ಅಮ್ಮ ಇಬ್ಬರ ಕೈಗೂ ಲೋಟ ಕೊಟ್ಟು, “ಅವರು ಹೇಳಿದ್ದು ನಿನಗೆ ಕೇಳಿಸ್ತು, ನೀನು ಹೇಳಿದ್ದು ಅವರಿಗೆ ಕೇಳಿಸ್ತು. ನಡುವೆ ನಾನ್ಯಾಕೆ ಗಂಟಲು ಹರ್ಕೊಳ್ಲಿ?” ಎಂದು ಮನೆಗೆ ಹೊರಟುಹೋದಳು.

ಬೋಲ್ಟುಗಳನ್ನು ಅವಳು ನಡುವಿನಿಂದಲೇ ಅಡ್ಡಡ್ಡ ಬಿಗಿದಳು. ಅದು ಅವಳಿಗೆ ಮೊದಲೇ ಗೊತ್ತಿತ್ತು. ಈಗ ಹಾಗೆ ಮಾಡಿದರೆ ಅಪ್ಪನ ಮಾತು ಕೇಳಿದಂತೆ ಕಾಣುತ್ತದಲ್ಲ ಎಂದು ಮೈ ಉರಿಯಿತು. ಎಂಜಿನ್ ಹೊರಮೈಯನ್ನು ಒಣಗುವಂತೆ ಒರೆಸಿ, ಸ್ಟಾರ್ಟ್ ಮಾಡಿ, ಚೆನ್ನಾಗಿ ಬಿಸಿಯಾಗುವವರೆಗೆ ಬಿಟ್ಟಳು. ಮೇಲೆ ಕವರಿನ ಸುತ್ತ ತೇವವಿಲ್ಲ. ಆದರೆ ಕೆಳಗೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಒಂದು ಹನಿ ದಪ್ಪಗಾಗುತ್ತಾ ಬಂದು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಇನ್ನೊಂದು.

ಮೆಟ್ಟಿಲಿನಿಂದ “ಹೂಂ” ಎಂಬ ಸದ್ದು. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಗೋದಾಮಿನ ಬಾಗಿಲಿಗೆ ಬೀಸಿ ಎಸೆದಳು. ಹನಿ ಡ್ರೈನ್ ಬೋಲ್ಟಿನಿಂದ ಹರಿದು ಹಿಂದಕ್ಕೆ ಬರುತ್ತಿರಬಹುದು. ಹಾಗೆಂದು ತನಗೆ ತಾನೇ ಹೇಳಿಕೊಂಡಳು, ಏಕೆಂದರೆ ಮನೆಯಲ್ಲಿ ಸರಿಪಡಿಸಲು ಉಳಿದಿದ್ದದ್ದು ಅದೊಂದೇ. ಗೇರ್‌ಬಾಕ್ಸಿನ ಕಡೆ ಆಯಿಲ್ ತಡೆಯುವ ಸೀಲ್ ಹೋಗಿದ್ದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಅದು ಬೀದಿಯಲ್ಲಿ ಮಾಡುವ ಕೆಲಸವಲ್ಲ.

ಎಂಜಿನ್ ಸ್ವಲ್ಪ ಆರಿದ ಮೇಲೆ ಕಾರಿನಡಿಗೆ ನುಸುಳಿ, ಬೇಸಿನ್ ಇಟ್ಟು, ಬೋಲ್ಟ್ ಬಿಚ್ಚಿದಳು. ಆಯಿಲ್ ಬದಲಿಸುವಾಗಲೆಲ್ಲ ಅದೇ ಬೇಸಿನ್. ಎಲ್ಲ ಇಳಿದ ಮೇಲೂ ಅಂಚಿಗೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತಿತ್ತು. ಇವತ್ತು ಕಪ್ಪು ಆಯಿಲ್ ಆ ಬೆರಳನ್ನು ದಾಟಿತು. ಧಾರೆ ಮಾತ್ರ ಸಣ್ಣಗಾಗಲಿಲ್ಲ. ಬೋಲ್ಟನ್ನು ಮತ್ತೆ ಸಿಕ್ಕಿಸಲು ಹೋದರೆ ಅದು ಕೈಯಿಂದ ಜಾರಿ ಬೇಸಿನ್ನಿನೊಳಗೆ ಮುಳುಗಿತು.

“ಅಪ್ಪ,” ಎಂದಳು. “ಒಂದು ಪಾತ್ರೆ. ಬೇಗ.”

ಅವರು ಇಳಿಜಾರು ಹತ್ತಿ ಓಡಿದರು. ತಂದದ್ದು ಹಾಲು ಕಾಯಿಸುವ ದಪ್ಪ ತಳದ ಪಾತ್ರೆ. ಅದೂ ಅರ್ಧದ ಹತ್ತಿರ ತುಂಬಿತು.

ಅವಳು ಹೊರಗೆ ಬಂದು ಕೂತು, ಎರಡೂ ಪಾತ್ರೆಗಳನ್ನು ನೋಡಿದಳು. ಸೋರುವ ಎಂಜಿನ್ನಿನಲ್ಲಿ ಆಯಿಲ್ ಕಡಿಮೆ ಇರಬೇಕಿತ್ತು.

“ನೀವು ಹಾಕ್ತಿದ್ರಾ?”

“ನೆಲದ ಮೇಲೆ ಕಲೆ ಕಂಡ್ರೆ ಹಾಕ್ದೆ ಇರ್ತಾರಾ? ಸಂಜೆ ನೀನು ಸ್ನಾನಕ್ಕೆ ಹೋದಾಗ ಹಾಕ್ತಿದ್ದೆ. ನೀನು ಬಾನೆಟ್ ಎತ್ತಿದ್ದನ್ನೇ ನಾನು ನೋಡಿಲ್ಲ.”

“ನೀವು ಏಳೋದಕ್ಕೆ ಮುಂಚೆ ಬಾನೆಟ್ ಎತ್ತಿ, ಆಯಿಲ್ ಹಾಕಿ ಹೋಗ್ತಿದ್ದೆ. ಕೀ ಕಿತ್ಕೊಂಡ ಮೇಲೆ ನೀವು ಕಾರಿನ ಕಡೆ ತಿರುಗಿ ನೋಡಲ್ಲ ಅಂದ್ಕೊಂಡಿದ್ದೆ.”

“ಹಾಕೋ ಮುಂಚೆ ಕಡ್ಡಿ ನೋಡೋದಿಲ್ವಾ?”

“ನೋಡ್ತೀನಿ, ಇಳಿಜಾರಲ್ಲಿ. ಎಲ್ಲಾ ನಿಮ್ಮ ಗೇಟಿನ ಕೃಪೆ.” ಸಮತಟ್ಟಿನಲ್ಲಿ ನೋಡಬೇಕಾದ ಮಟ್ಟವನ್ನು ಓರೆಯಾಗಿ ನಿಂತ ಕಾರಿನಲ್ಲಿ ನೋಡುತ್ತಾ ಬಂದಿದ್ದಳು; ಆಯಿಲ್ ಒಂದು ಬದಿಗೆ ಸರಿದು, ಕಡ್ಡಿ ಕಡಿಮೆಯೆಂದು ತೋರಿಸಿತ್ತು. ಅದು ತನ್ನದೇ ತಪ್ಪೆಂದು ಗೊತ್ತಿದ್ದರಿಂದ ಸಿಟ್ಟು ಇನ್ನೂ ಏರಿತು. “ನೀವು ನೋಡಿದ್ರಾ?”

“ಜೀವಮಾನವಿಡೀ ಬಸ್ ಓಡಿಸಿದೋನಿಗೆ ಕಡ್ಡಿ ಬೇಕಾ?”

ಅವಳು ಎದ್ದು ಕಡ್ಡಿಯನ್ನು ಎಳೆದು, ಒರೆಸಿ, ಅವರ ಕೈಗೆ ಕೊಟ್ಟಳು. “ಮೇಲಿನ ಗುರುತು ಯಾವುದು, ತೋರಿಸಿ.”

ಅಪ್ಪ ಅದನ್ನು ಬಿಸಿಲಿಗೆ ಹಿಡಿದರು. ಹತ್ತಿರ ತಂದರು, ದೂರ ಒಯ್ದರು, ಹೆಬ್ಬೆರಳಿನಿಂದ ಸವರಿದರು. ಕೊನೆಗೆ ಹಾಗೆಯೇ ವಾಪಸು ಕೊಟ್ಟರು.

ಗೆದ್ದ ಸಮಾಧಾನ ಅವಳಿಗೆ ಸಿಗಲಿಲ್ಲ. ಮಟ್ಟ ಮೀರಿದ ಆಯಿಲನ್ನು ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ನೊರೆಯಾಗುವಂತೆ ಕಡೆಯುತ್ತದೆ, ಒಳಗೆ ಒತ್ತಡ ಹೆಚ್ಚಿ ಸೀಲಿನ ಸಂದಿನಿಂದ ಹೊರಬರುತ್ತದೆ. ಪ್ಯಾಕಿಂಗಿನ ಸಣ್ಣ ಸೋರಿಕೆ ಕಂಡು ಇಬ್ಬರೂ ಹೊಯ್ದರು; ಹೊಯ್ದಷ್ಟೂ ಸೋರಿತು; ಸೋರಿದ್ದು ಕಂಡು ಮತ್ತೆ ಹೊಯ್ದರು.

ಅಪ್ಪ ಮೆಟ್ಟಿಲಿಗೆ ಮರಳಲಿಲ್ಲ. ಡಿಪೋದಲ್ಲಿ ಒಮ್ಮೆ ಹೀಗೆ ಆಯಿಲ್ ಹೆಚ್ಚಾದ ಎಂಜಿನ್ ಅದನ್ನೇ ಕುಡಿದು ತಾನೇ ಓಡತೊಡಗಿತ್ತು ಎಂದರು. ಕೀ ತಿರುಗಿಸಿದರೂ ನಿಲ್ಲಲಿಲ್ಲ, ಒಡೆಯುವವರೆಗೂ ಕೂಗಿತು. ಡೀಸೆಲ್ ಎಂಜಿನ್ನಿಗೆ ಅದೊಂದು ಕೆಟ್ಟ ಗುಣ.

“ನನ್ನ ಹಿಂದಿನ ಸೀಟಲ್ಲಿ ಯಾರು ಕೂತಿರ್ತಾರೆ ಗೊತ್ತಾ ನಿಮಗೆ?” ಎಂದಳು. “ಎದ್ದು ಓಡೋಕೂ ಆಗದವರು.”

“ಗೊತ್ತು. ನಿನಗೂ ಗೊತ್ತಿತ್ತಲ್ಲ. ಹಾಕ್ತಾ ಇದೀನಿ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?”

“ನಿಮಗೆ ಕೇಳೋಕಾಗ್ಲಿಲ್ವಾ?”

ಅಷ್ಟರಲ್ಲಿ ಪಾತ್ರೆ ಹುಡುಕಿಕೊಂಡು ಅಮ್ಮ ಬಂದಳು. ಅದರೊಳಗೆ ನೋಡಿದಳು. ಬೈಯಲಿಲ್ಲ. ಇನ್ನು ಮುಂದೆಯೂ ಹಾಲು ಇದರಲ್ಲೇ ಕಾಯಿಸುತ್ತೇನೆ, ಇಬ್ಬರೂ ಒಂದು ತೊಟ್ಟು ಬಿಡದೆ ಕುಡಿಯಬೇಕು ಎಂದಷ್ಟೇ ಹೇಳಿ ನಡೆದಳು.

ಮಗಳು ಬೇಸಿನ್ನಿನಿಂದ ಬೋಲ್ಟನ್ನು ಹೆಕ್ಕಿ, ಹೊಸ ವಾಷರ್ ಹಾಕಿ ಬಿಗಿದಳು. ಕಾರನ್ನು ದಿಮ್ಮಿಯಿಂದ ಇಳಿಸಿ ಸಮನಾಗಿ ನಿಲ್ಲಿಸಿ, ಹೊಸ ಆಯಿಲನ್ನು ಸ್ವಲ್ಪ ಸ್ವಲ್ಪವೇ ಹೊಯ್ದು, ಪ್ರತಿ ಸಲ ತಾಳಿ, ಕಡ್ಡಿ ನೋಡಿದಳು. ಅಪ್ಪ ಲಾಳಿಕೆ ಹಿಡಿದರು. ಮೇಲಿನ ಗುರುತು ಬಂತೆಂದಾಗ ಕೈ ಹಿಂದೆಳೆದರು.

“ಹಾಗಾದ್ರೆ ಇನ್ನು ನಾನು ಇದನ್ನ ಮುಟ್ಟೋ ಹಾಗಿಲ್ಲ?”

“ಇಲ್ಲ.”

ಆ ಪದವನ್ನು ಮೆದುಗೊಳಿಸುವ ಇನ್ನೊಂದು ಪದ ಅವಳಿಗೆ ತೋಚಲಿಲ್ಲ. ತೋಚಿದ್ದರೂ ಹೇಳುತ್ತಿರಲಿಲ್ಲ. ಎಂಜಿನ್ ಓಡಿಸಿ ನೋಡಿದಾಗ ಹನಿ ಬೀಳಲಿಲ್ಲ, ನಿಜ. ಆದರೆ ಇಷ್ಟು ದಿನದ ಒತ್ತಡಕ್ಕೆ ಸೀಲ್ ಹಾಳಾಗಿದೆಯೋ ಉಳಿದಿದೆಯೋ ದೂರ ಓಡಿಸದೆ ತಿಳಿಯುವುದಿಲ್ಲ.

ಸೋಮವಾರ ಪೋರ್ಚಿನಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಇಳಿದರು. ಸೀಟಿ ಔಷಧಿ ಪೆಟ್ಟಿಗೆಯ ಒಂದು ರಟ್ಟನ್ನು ಕಾರಿನಡಿಗೆ ತಳ್ಳಿ, ಪಕ್ಕದಲ್ಲೇ ಕೈಕಟ್ಟಿ ನಿಂತ. ಕೊನೆಯ ರೋಗಿಯ ಗಾಲಿಕುರ್ಚಿ ಒಳಗೆ ಹೋಗುವವರೆಗೆ ಅವಳು ಕಾರಿನ ಕಡೆ ನೋಡಲಿಲ್ಲ. ಅವನು ರಟ್ಟನ್ನು ಎಳೆದು, ತಿರುಗಿಸಿ ನೋಡಿ, ಅವಳ ಕೈಗೆ ಕೊಟ್ಟು, ಮುಂದೆ ಹೋಗುವಂತೆ ಸೀಟಿ ಊದಿದ. ರಟ್ಟಿನ ಮೇಲೆ ಏನೂ ಇರಲಿಲ್ಲ.

ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ ಅಪ್ಪನಿಗೆ ಫೋನ್ ಮಾಡಿದಳು. “ಬಿದ್ದಿಲ್ಲ.”

“ನಿಲ್ಸಿದ ತಕ್ಷಣ ಏನು ಗೊತ್ತಾಗತ್ತೆ? ಸ್ವಲ್ಪ ಹೊತ್ತು ಬಿಟ್ಟು ನೋಡು. ಗೇರ್‌ಬಾಕ್ಸ್ ಕಡೆ ನೋಡು, ಮುಂದಗಡೆ ಅಲ್ಲ.”

“ನನಗೆ ಗೊತ್ತು,” ಎಂದು ಫೋನ್ ಕಟ್ ಮಾಡಿದಳು. ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದದ್ದೇ ತನ್ನ ತಪ್ಪು ಎಂದು ಬೈದುಕೊಂಡು, ರಟ್ಟನ್ನು ಮತ್ತೆ ಅಡಿಗೆ ತಳ್ಳಿದಳು, ಗೇರ್‌ಬಾಕ್ಸ್ ಕಡೆಗೆ. ಆಮೇಲೆ ಬಾಗಿಲಿಗೆ ಒರಗಿ ನಿಂತು ಕಾಯತೊಡಗಿದಳು.