ಆಣೆ ಹಾಕಿ ಬಡಿಸಿದ್ದು

ಗೊರೇಬಾಳದ ಕಸ್ತೂರೆಮ್ಮನ ಮನೆಯಲ್ಲಿ ಸಾಕೆಂದ ಕೂಡಲೇ ಊಟದಿಂದ ಎದ್ದವರಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರೆ ‘ನನ್ನಾಣಿ ಐತಿ’ ಎಂದು ಬೆರಳ ಸಂದಿಯಲ್ಲೇ ತುಪ್ಪ ಸುರಿಯುವ ಹೆಣ್ಣುಮಗಳು ಆಕೆ. ಆಣೆ ಮುರಿಯುವ ಎದೆ ಯಾರಿಗಿದ್ದೀತು? ಗಂಡ ಕರಿಬಸಪ್ಪನಿಗಂತೂ ಇರಲೇ ಇಲ್ಲ.

ಕಾಲುವೆ ನೀರಿನ ಭತ್ತ ಕೈಹಿಡಿದ ಕಾಲದಲ್ಲಿ, ನಲವತ್ತೈದರ ಆಸುಪಾಸಿಗೆ, ಆತನ ಹೊಟ್ಟೆ ಭತ್ತದ ಚೀಲದಂತೆ ಮುಂದೆ ಬಂದಿತ್ತು. ಸಿಂಧನೂರಿನ ಡಾಕ್ಟರು ತೂಕ ಇಳಿಸಿ ಎಂದರು. ಕರಿಬಸಪ್ಪ ಅನ್ನ ಬಿಟ್ಟು ಜೋಳದ ರೊಟ್ಟಿ, ಪುಂಡಿಪಲ್ಲೆ ಹಿಡಿದ. ಬೈಕು ಮೂಲೆಗಿಟ್ಟು ಹೊಲಕ್ಕೆ ನಡೆದೇ ಹೊರಟ. ನೋಡನೋಡುತ್ತ ಮೈ ಇಳಿಯಿತು. ಓಣಿಯವರು ‘ಯಾಕ, ಮನ್ಯಾಗ ಉಣ್ಣಾಕ ಹಾಕಲ್ಲೇನು?’ ಎಂದು ನಕ್ಕದ್ದೇ ತಡ, ಕಸ್ತೂರೆಮ್ಮನಿಗೆ ಮಾನ ಹೋದಂತಾಯಿತು. ಅಮಾವಾಸ್ಯೆಯ ದಿನ ಹೋಳಿಗೆ ಮಾಡಿ, ಆಣೆ ಹಾಕಿ, ಗಂಡನ ಪಥ್ಯ ಮುರಿಸಿದಳು. ಆತ ಮತ್ತೆ ಹಿಡಿಯಲಿಲ್ಲ.

ಈಗ ಕರಿಬಸಪ್ಪನಿಗೆ ಎಪ್ಪತ್ತು. ಮೈ ಒಣಗಿದೆ, ನೆನಪು ಅದಕ್ಕೂ ಮೊದಲೇ ಹೋಗಿದೆ. ಮರೆವಿಗೆ ಇಂಥದ್ದೇ ಕಾರಣ ಎನ್ನಲಾಗದು, ನಡುವಯಸ್ಸಿನ ಊಟ, ತೂಕವೂ ಒಂದು ಕಾರಣ ಇರಬಹುದು ಎಂದಿದ್ದರು ಡಾಕ್ಟರು. ಆ ‘ಇರಬಹುದು’ ಕಸ್ತೂರೆಮ್ಮನಿಗೆ ನಿದ್ದೆ ಕೊಡಲಿಲ್ಲ. ಗಂಡನನ್ನು ಕೈಯಾರೆ ಹೀಗೆ ಮಾಡಿಕೊಂಡೆನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು. ಕೆಟ್ಟ ಮೇಲೆ ಬಂದ ಬುದ್ಧಿಯನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಮಗ ಬಸವಲಿಂಗನದು ಮಸ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ನಲವತ್ತು ದಾಟಿದೆ, ಹೊಟ್ಟೆಯ ಮೇಲೆ ಅಂಗಿಯ ಗುಂಡಿ ನಿಲ್ಲುತ್ತಿಲ್ಲ. ಮೊನ್ನೆ ಹಬ್ಬಕ್ಕೆ ಬಂದವನು ಅಪ್ಪನ ಪಕ್ಕ ಕೂತು, ಬಡಿಸಿದ್ದನ್ನೆಲ್ಲ ಉಂಡು, ಮತ್ತೊಂದು ಹೋಳಿಗೆಗೆ ತಟ್ಟೆ ಒಡ್ಡಿದ. ಕಸ್ತೂರೆಮ್ಮ ಬುಟ್ಟಿ ಮುಚ್ಚಿಬಿಟ್ಟಳು. ಅವ್ವ ಚೇಷ್ಟೆ ಮಾಡುತ್ತಿದ್ದಾಳೆಂದು ಮಗ ನಕ್ಕ.

“ಸಾಕು ಬಸು,” ಎಂದಳು. “ನಿಮ್ಮಪ್ಪಗ ಅವತ್ತ ಸಾಕು ಅನ್ನಾಕ ಬಿಟ್ಟಿದ್ರ, ಇವತ್ತ ನಿನ್ನ ಹೆಸರ ಹಿಡದು ಕರೀತಿದ್ರೇನೋ.”

ಮಗನ ನಗೆ ಅಲ್ಲೇ ನಿಂತಿತು. ಕರಿಬಸಪ್ಪ ಮಾತ್ರ ಪಕ್ಕದವನ ಬರಿದಾದ ತಟ್ಟೆ ನೋಡಿ ಮರುಗಿದ. ತನ್ನ ಹೋಳಿಗೆಯಲ್ಲಿ ಅರ್ಧ ಮುರಿದು ಅದರಲ್ಲಿಟ್ಟ.

“ಉಣ್ರೀ, ನಾಚ್ಕೋಬ್ಯಾಡ್ರಿ. ಯಾವೂರಾತು ನಿಮ್ದು?”

ಬಸವಲಿಂಗ ಕಣ್ಣು ತುಂಬಿಕೊಂಡು, ಅಪ್ಪ ಕೊಟ್ಟದ್ದನ್ನು ಬೇಡವೆನ್ನಲಾರದೆ, ಆ ಚೂರನ್ನು ಎತ್ತಿಕೊಂಡ. ಕಸ್ತೂರೆಮ್ಮ ಬಗ್ಗಿ ಅದನ್ನು ಅವನ ಕೈಯಿಂದ ಕಸಿದುಕೊಂಡಳು. ಉಣ್ಣುವವರ ಕೈಯ ತುತ್ತು ಕಸಿದದ್ದು, ಆಕೆ ಹುಟ್ಟಿದ ಮೇಲೆ, ಅದೇ ಮೊದಲು.